ಸರದಿಯೊಳಗಿನ ಹೆಸರಿಲ್ಲದ ಕ್ಲಾಸ್

ಅವಳ ಕುರ್ಚಿಯಲ್ಲಿ ಯಾರೋ ಕೂತಿದ್ದರು.

ಶಿವಗಂಗಾ ಬಾಗಿಲಲ್ಲೇ ನಿಂತಳು. ಹಣೆಯ ವಿಭೂತಿ ಇನ್ನೂ ಪೂರ್ತಿ ಆರಿರಲಿಲ್ಲ. ಬೆಳಗಿನ ಲಿಂಗಪೂಜೆ ಮುಗಿಸಿ, ಮನಸ್ಸನ್ನು ತುಂಬಿದ ತಂಬಿಗೆಯ ಹಾಗೆ ತುಳುಕದಂತೆ ಹಿಡಿದುಕೊಂಡು ಬಂದಿದ್ದಳು. ಜಹೀರಾಬಾದಿನ ಆ ಧರ್ಮಾರ್ಥ ಕಣ್ಣಿನ ಆಸ್ಪತ್ರೆ ತೆರೆಯಲು ಇನ್ನೂ ಅರ್ಧ ಗಂಟೆಯಿತ್ತು. ಅಷ್ಟರಲ್ಲೇ ಅಪರಿಚಿತ ಯುವಕನೊಬ್ಬ ಅವಳ ಕೌಂಟರಿನಲ್ಲಿ ಕೂತು, ಚೀಟಿ ಪೆಟ್ಟಿಗೆ ತೆರೆದು, ನಿನ್ನೆಯ ಚೀಟಿಗಳನ್ನು ಒಂದೊಂದಾಗಿ ತಿರುವಿ ನೋಡುತ್ತಿದ್ದ.

"ಕೈ ತೆಗೀರಿ ಅದರ ಮ್ಯಾಲಿಂದ."

ಅವನು ಬೆಚ್ಚಿ ಎದ್ದು ನಿಂತ. ಎತ್ತರದ ಆಳು, ತೋಳು ಮಡಚಿದ ಅಂಗಿ, ಹೆಗಲಿಗೆ ಲ್ಯಾಪ್‌ಟಾಪ್ ಚೀಲ.

"ನಮಸ್ಕಾರ್ರಿ. ನಾನು ಧನರಾಜ, ತಾಂಡೂರಿಂದ ಬಂದೀನಿ. ಚಂದ್ರಶೇಖರ ಸರ್ ಕರಸ್ಯಾರ, ಸರದಿ ಎಲ್ಲಾ ಕಂಪ್ಯೂಟರಿಗೆ ಹಾಕಾಕ."

"ಸರ್ ಕರಸಿದ್ರ ಸರ್ ಖೋಲ್ಯಾಗ ಕೂಡ್ರಿ. ಇದು ನನ್ನ ಖುರ್ಚಿ."

"ಆತ್ರಿ." ಅವನು ಪಕ್ಕಕ್ಕೆ ಸರಿದ. ಆದರೆ ಕಣ್ಣು ಇನ್ನೂ ಪೆಟ್ಟಿಗೆಯ ಮೇಲೇ ಇತ್ತು. "ಒಂದು ಮಾತು ಕೇಳ್ಲೇನ್ರಿ? ಈ ಚೀಟಿ ನಂಬರ್ ಪ್ರಕಾರ ಯಾಕ ಇಲ್ಲ?"

ಶಿವಗಂಗಾ ಪೆಟ್ಟಿಗೆಯ ಮುಚ್ಚಳ ಹಾಕಿದಳು.

"ಕೆಳಗ ಬಿದ್ದಿದ್ವು," ಎಂದಳು.

ಲಿಂಗವನ್ನು ಅಂಗೈಯಲ್ಲಿ ಹಿಡಿದು ಒಂದು ಗಂಟೆಯೂ ಆಗಿರಲಿಲ್ಲ. ಅಷ್ಟರಲ್ಲಿ ಬಾಯಿಂದ ಸುಳ್ಳು ಬಂದಿತ್ತು.

ಯಾರು ಈ ಮನುಷ್ಯ... ಏನು ನೋಡಲು ಬಂದಿದ್ದಾನೆ?

ಅವಳ ಅಂಜಿಕೆಗೆ ಕಾರಣವಿತ್ತು. ಆಸ್ಪತ್ರೆಯ ಗೋಡೆಯ ಮೇಲೆ ತೆಲುಗು, ಕನ್ನಡ, ಉರ್ದು ಮೂರರಲ್ಲೂ ಒಂದೇ ಮಾತು ಬರೆದಿತ್ತು: ಬಂದವರ ಸರದಿಯಂತೆ, ಎಲ್ಲರಿಗೂ ಒಂದೇ ನಿಯಮ. ಬಂದವರಿಗೆ ನಂಬರಿನ ಚೀಟಿ ಕೊಡುವುದು, ಅದೇ ಸಾಲಿನಲ್ಲಿ ಒಳಗೆ ಕಳಿಸುವುದು ಅವಳ ಕೆಲಸ. ಮೂರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರ, ಝರಾಸಂಗಂ ಕಡೆಯ ಒಬ್ಬ ಮುದುಕಿಗೆ ಕಡೇ ಬಸ್ ತಪ್ಪಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಆಕೆ ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಬೆಳಗು ಮಾಡಿದಳು. ಅದು ತಿಳಿದ ದಿನದಿಂದ ಶಿವಗಂಗಾಳ ಹೆಬ್ಬೆರಳು ತಾನಾಗಿ ಕಲಿತುಬಿಟ್ಟಿತ್ತು. ಯಾರೂ ನೋಡದಾಗ ದೂರದ ಹಳ್ಳಿಯವರ ಚೀಟಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸುವುದು, ಊರಿನವರದ್ದನ್ನು ಹಿಂದಕ್ಕೆ ಬಿಡುವುದು.

ಪುಣ್ಯವೋ ತಪ್ಪೋ, ಶಿವನೇ ಬಲ್ಲ. ಮ್ಯಾನೇಜರ್ ಚಂದ್ರಶೇಖರ ಸರ್ ಮಾತ್ರ ತಿಳಿದರೆ ಬಿಡುವವರಲ್ಲ. ನಿಯಮವೆಂದರೆ ಅವರಿಗೆ ಉಸಿರು.

ಆ ದಿನ ಧನರಾಜ ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ರೋಗಿಗಳ ನಡುವೆ ಬೆಂಚಿನ ಮೇಲೆ ಕೂತು ಮಧ್ಯಾಹ್ನದವರೆಗೆ ಕೌಂಟರನ್ನೇ ನೋಡಿದ. ನಡುನಡುವೆ ಪುಟ್ಟ ವಹಿಯಲ್ಲಿ ಏನೋ ಬರೆದುಕೊಂಡ. ಅಂಜಿಕೆಯಲ್ಲೂ ಅವಳ ಹೆಬ್ಬೆರಳು ರೂಢಿ ಬಿಡಲಿಲ್ಲ.

"ಅಂವ ನಿನ್ನ ಕೈಯೇ ನೋಡ್ಲಾಕತ್ಯಾನ ಗಂಗಾ," ಎಂದಳು ಆಯಾ ಲಕ್ಷ್ಮಿಬಾಯಿ, ನೆಲ ಒರೆಸುತ್ತ. "ಬಳಿ ವ್ಯಾಪಾರದಾಂವ ಇರಬೇಕು. ಅಳತಿ ತಗೊಳ್ಲಾಕತ್ಯಾನ."

"ಸುಮ್ನ ಇರ್ರಿ ಅಕ್ಕಾ. ಟ್ರಸ್ಟಿನವರು ಕಳಿಸಿದ ಮನಷ್ಯಾ ಇರಬೇಕು. ನಮ್ಮನ್ನ ಕಾಯಾಕ."

"ಕಾಯೋವ ಹಿಂಗ ನೋಡ್ತಾನೇನ?" ಲಕ್ಷ್ಮಿಬಾಯಿ ನಕ್ಕಳು. "ಹಿಂಗ ನೋಡಿದಾಂವನ್ನ ನಾ ಲಗ್ನಾ ಮಾಡ್ಕೊಂಡು ಮೂವತ್ತು ವರ್ಷ ಆತು."

ಶಿವಗಂಗಾಳಿಗೆ ನಗು ಬರಲಿಲ್ಲ. ಎರಡು ಗಂಟೆ ಹೊಡೆಯುತ್ತಲೇ ಅವನು ಅರ್ಧ ಕುಡಿದ ಚಹಾ ಬಿಟ್ಟು, ಯಾರಿಗೂ ಹೇಳದೆ ಹೊರಟುಹೋದ. ಅದೂ ಅವಳ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಎರಡಕ್ಕೇ ಎಲ್ಲಿಗೆ?

*

ಒಂದು ತಿಂಗಳು ಹೀಗೇ ನಡೆಯಿತು. ಅವನು ಮಂಗಳವಾರ, ಶುಕ್ರವಾರ ಬರುತ್ತಿದ್ದ. ಕೌಂಟರಿನ ಒಳಗೆ ಅವಳು ಸಣ್ಣದೊಂದು ಶಿವನ ಪಟ ಇಟ್ಟಿದ್ದಳು. ಅದನ್ನು ಕಂಡ ಮೇಲೆ ಅವನು ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಕಾಲಿಡುತ್ತಿದ್ದ. ಯಾರೂ ಹೇಳಿರಲಿಲ್ಲ.

ಮಾತು ಕಡಿಮೆ. ಆದರೆ ಕೆಲಸದ ಮಾತೆತ್ತಿದರೆ ಹೊಲದ ಬಗ್ಗೆ ಹೇಳುವ ರೈತನಂತಾಗುತ್ತಿದ್ದ.

"ಪ್ರೋಗ್ರಾಮಿನ್ಯಾಗ ರೋಗಿ ಅನ್ನೂದೊಂದು ಕ್ಲಾಸ್ರಿ, ಒಂದು ಅಚ್ಚು ಇದ್ದಂಗ. ಹೆಸರು, ಊರು, ನಂಬರ್ ಎಲ್ಲಾ ಅದರಾಗ. ಸರದಿ ಅನ್ನೂದು ಇನ್ನೊಂದು. ಅದು ರೋಗಿಗಳನ್ನ ಸಾಲಿಗೆ ನಿಲ್ಲಸತದ."

"ಗೊತ್ತದ. ನಾನೂ ಈ ಕಂಪ್ಯೂಟರ್ ಭಾಷಾ, ಜಾವಾ, ಕಲತೀನಿ."

"ಖರೆನ? ಎಲ್ಲಿ ತನಕ?"

"ಇಂಟರ್‌ಫೇಸ್ ತನಕ. ಆ ಪಾಠ ಆದ ಮ್ಯಾಲ ಈ ನೌಕರಿ ಸಿಕ್ತು."

ಅವನು ತಲೆಯಾಡಿಸಿ, ಪರದೆಯನ್ನು ತುಸು ತನ್ನ ಕಡೆ ತಿರುಗಿಸಿಕೊಂಡ.

ಮಂಗಳವಾರದ ಬೆಳಿಗ್ಗೆ ತಾನು ಕೈಬಳೆಗಳನ್ನು ತುಸು ಹೆಚ್ಚು ಹೊತ್ತು ಆರಿಸುತ್ತಿದ್ದೇನೆ ಎಂಬುದು ಶಿವಗಂಗಾಳಿಗೇ ಒಂದು ದಿನ ತಿಳಿಯಿತು. ತಿಳಿದು ಸಿಟ್ಟು ಬಂತು. ತಾನೇ ಗುಮಾನಿ ಪಟ್ಟವನ ದಾರಿಯನ್ನೇ ಕಾಯುವುದೆಂದರೆ ಇದೆಂಥ ಮನಸ್ಸು... ಪೂಜೆಗೆ ಕೂತಾಗ ಕಣ್ಣು ಮುಚ್ಚಿದರೆ ಪುಟ್ಟ ವಹಿ ಹಿಡಿದ ಬೆರಳುಗಳು ಕಾಣುತ್ತಿದ್ದವು. ಅವಳು ಮತ್ತೆ ಮೊದಲಿನಿಂದ ಮಂತ್ರ ಹಿಡಿಯುತ್ತಿದ್ದಳು.

ಕಂಪ್ಯೂಟರಿನ ಸರದಿ ಶುರುವಾದ ದಿನ ಚೀಟಿ ಪೆಟ್ಟಿಗೆ ಕಪಾಟು ಸೇರಿತು. ಅವಳ ಹೆಬ್ಬೆರಳಿಗೆ ಕೆಲಸವಿಲ್ಲದಾಯಿತು. ಇನ್ನು ಕಡೇ ಬಸ್ ತಪ್ಪಿದವರ ಗತಿ ಏನು ಎಂದು ಒಳಗೇ ನೊಂದುಕೊಂಡಳು. ಹೇಳುವುದು ಯಾರಿಗೆ?

ಮೂರನೆಯ ದಿನ ಪರದೆಯ ಮೇಲೆ ನಾಲ್ಕನೆಯ ಹೆಸರು ಬಂತು: ಸಾಯಮ್ಮ, ದೌಲತಾಬಾದ್.

ಶಿವಗಂಗಾ ನಂಬರ್ ನೋಡಿದಳು. ಮೂವತ್ತೊಂದು.

ಮೂವತ್ತೊಂದನೆಯವಳು ನಾಲ್ಕನೆಯವಳಾದದ್ದು ಹೇಗೆ?

ತಲೆ ಎತ್ತಿದಳು. ಆ ಮುದುಕಿ ಬಾಗಿಲ ಬಳಿ ನಿಂತಿದ್ದಳು. ಧನರಾಜ ಅವಳ ಕೈ ಹಿಡಿದು, "ಬಾ ಆಯೀ, ನಿನ್ನ ಪಾಳಿ ಬಂತು," ಎಂದು ಒಳಗೆ ಬಿಡುತ್ತಿದ್ದ.

ಆಯೀ ಅಂತೆ, ಸ್ವಂತ ಅಜ್ಜಿಯನ್ನು ಕರೆದ ಹಾಗೆ. ದೌಲತಾಬಾದ್, ಅಂದರೆ ತಾಂಡೂರು ಕಡೆಯವಳು. ಇವನ ಊರಿನ ಕಡೆಯವಳು...

ಮಧ್ಯಾಹ್ನ ಅವಳು ಮೂರು ದಿನದ ಪಟ್ಟಿ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂತಳು. ತಾಂಡೂರು. ದೌಲತಾಬಾದ್. ಮತ್ತೆ ತಾಂಡೂರು. ದಿನದ ಮೊದಲ ನಾಲ್ಕೈದು ಹೆಸರು ಆ ಕಡೆಯವರದ್ದೇ. ಯಾವಾಗ ಬಂದಿರಲಿ, ಎಲ್ಲರಿಗಿಂತ ಮುಂದೆ.

ಅವರ ಹಿಂದೆಯೇ ನಾರಾಯಣಖೇಡದ ಪೋಚಪ್ಪನೂ ತನ್ನ ನಂಬರಿಗಿಂತ ಮುಂದೆ ಬಂದಿದ್ದ. ಅದು ಅವಳಿಗೆ ಕಾಣಲಿಲ್ಲ. ಮೂರು ವರ್ಷದಿಂದ ಆ ಕಡೆಯವರನ್ನು ಮುಂದೆಯೇ ಕಂಡವಳು ಅವಳು. ರೂಢಿಯಾದದ್ದು ಕಣ್ಣಿಗೆ ಬೀಳುವುದಿಲ್ಲ. ಕಂಡದ್ದು ಹೊಸದೊಂದೇ: ಅವನ ಊರಿನವರು.

"ಓಹೋ..." ಎಂದುಕೊಂಡಳು. ಬಳೆ ಆರಿಸಿದ ಬೆಳಗುಗಳೆಲ್ಲ ನೆನಪಾಗಿ ನಾಚಿಕೆಯಾಯಿತು.

ಅಂದೇ ಚಂದ್ರಶೇಖರ ಸರ್ ಕರೆದರು. "ನೋಡಮ್ಮಾ, ಬರೋ ಶುಕ್ರವಾರ ಈ ಕೆಲಸ ಮುಗಿದಂಗ. ರಿಜಿಸ್ಟರಿನ್ಯಾಗ 'ಸರದಿ ನಿಯಮದ ಪ್ರಕಾರ ಬರೋಬರ್ ನಡದದ' ಅಂತ ಬರದು ನೀನೇ ಸಹಿ ಮಾಡಬೇಕು. ಕೌಂಟರಿನಾಕಿ ಒಪ್ಪದೆ ನಾ ಒಪ್ಪೂದಿಲ್ಲ. ಏನರ ತಪ್ಪಿದ್ರ ಈಗೇ ಹೇಳು. ಆ ಹುಡುಗನ್ನ ಯಾವ ಆಸ್ಪತ್ರಿಯವರೂ ಮತ್ತ ಕರೀಬಾರದು, ಹಂಗ ಬರೀತೀನಿ."

ಸಹಿ ಮಾಡಿದರೆ ಮೋಸಕ್ಕೆ ಪಾಲುದಾರಳು. ಮಾಡದಿದ್ದರೆ ಅವನ ಬಾಳು...

"ನೋಡಿ ಹೇಳ್ತೀನ್ರಿ ಸರ್," ಎಂದಳು.

*

ಶನಿವಾರ ಕೌಂಟರಿನ ಕಂಪ್ಯೂಟರಿನಲ್ಲಿ ಅವನ ಫೋಲ್ಡರ್ ತೆರೆದಳು. ಅವನು ಬರೆದ ಮೂಲ ಪ್ರೋಗ್ರಾಂ ಅಲ್ಲಿರಲಿಲ್ಲ, ಮಷೀನಿಗೆ ತಿಳಿಯುವ ತಯಾರು ಫೈಲುಗಳು ಮಾತ್ರ. ರೋಗಿ ಇತ್ತು. ಸರದಿ ಇತ್ತು. ಒಂದೊಂದು ಕ್ಲಾಸಿಗೆ ಒಂದೊಂದು ಫೈಲು, ಅದರದೇ ಹೆಸರು. ಅವಳು ಕಲಿತದ್ದು ಹಾಗೆಯೇ.

ಆದರೆ ಮೂರನೆಯದೊಂದಿತ್ತು.

ಸರದಿ ಎಂಬ ಹೆಸರಿಗೆ ಬಾಲದಂತೆ ಡಾಲರ್ ಗುರುತು, ಅದರ ಮುಂದೆ ಒಂದು ಎಂಬ ಅಂಕಿ. ತನ್ನದೆಂಬ ಹೆಸರೇ ಇಲ್ಲ. ಅವನು ಒಂದು ದಿನವೂ ಅದರ ಮಾತೆತ್ತಿರಲಿಲ್ಲ.

ಡಾಲರ್... ಏನನ್ನು ಬಚ್ಚಿಟ್ಟಿದ್ದಾನೆ ಇದರೊಳಗೆ?

ಸೋಮವಾರ ಅವನಿಗೆ ಫೋನ್ ಮಾಡಿ ಕೇಳಿಯೇಬಿಟ್ಟಳು. "ನಿಮ್ಮ ಫೋಲ್ಡರಿನ್ಯಾಗ ಮೂರನೇದೊಂದು ಫೈಲ್ ಅದ. ಏನ್ರಿ ಅದು?"

ಆ ಕಡೆ ಕೀಲಿಮಣೆಯ ಸದ್ದು ನಿಂತಿತು.

"ಅದಕ್ಕ ಹೆಸರಿಲ್ರಿ."

"ಹೆಸರಿಲ್ಲದ್ದು ಯಾಕ ಅದ?"

"ಸರದಿಗೆ ಬೇಕಾಗ್ತದ... ಅದರ ಬಗ್ಗೆ ನೀವು ತಲಿ ಕೆಡಿಸ್ಕೋಬ್ಯಾಡ್ರಿ. ದಯವಿಟ್ಟು ಸರ್ ಮುಂದ ಅದರ ಮಾತು ತೆಗೀಬ್ಯಾಡ್ರಿ."

ಇನ್ನೇನು ಬೇಕಿತ್ತು? ಕಳ್ಳ ತಾನೇ ಒಪ್ಪಿಕೊಂಡಂತಾಯಿತು.

ಮಂಗಳವಾರ ಬೆಳಿಗ್ಗೆ ಯಾರೂ ಬರುವ ಮುನ್ನ ಶಿವಗಂಗಾ ಆ ಹೆಸರಿಲ್ಲದ ಫೈಲನ್ನು ಎತ್ತಿ, ತನ್ನ ಫೋಲ್ಡರಿನಲ್ಲಿ ಬಚ್ಚಿಟ್ಟಳು. ಅದಿಲ್ಲದೆ ಏನಾಗುತ್ತದೋ ನೋಡೋಣ. ಏನೂ ಆಗದಿದ್ದರೆ ಅದು ಮೋಸದ್ದೇ.

ಎಂಬತ್ತು ಜನ ಬಂದರು. ಹೆಸರುಗಳೆಲ್ಲ ಸರಿಯಾಗಿ ಸೇರಿಕೊಂಡವು. ಪಟ್ಟಿ ತೆಗೆಯುವ ಗುಂಡಿ ಒತ್ತಿದಳು. ಪರದೆ ಕೆಂಪಕ್ಷರ ಕಾರಿ ನಿಂತುಬಿಟ್ಟಿತು. ಮತ್ತೆ ಒತ್ತಿದಳು. ಮತ್ತೆ ಅದೇ. ಎಷ್ಟು ಹುಡುಕಿದರೂ ಇರಬೇಕಾದ ಫೈಲು ಕಾಣುತ್ತಿಲ್ಲ ಎಂಬ ದೂರು.

"ಏನಾತವ್ವಾ?" ಪೋಚಪ್ಪ ಕೋಲೂರಿಕೊಂಡು ಕೌಂಟರಿಗೆ ಬಂದ. "ನಿನ್ನ ಡಬ್ಬಿಗೂ ಕಣ್ಣಾಗ ಪೊರಿ ಬಂದದೇನ?"

ಬೆಂಚಿನಲ್ಲಿ ನಗು ಎದ್ದಿತು. ನಗು ಗದ್ದಲವಾಯಿತು. ಹಳೆಯ ಚೀಟಿ ಪೆಟ್ಟಿಗೆಯಿದ್ದ ಕಪಾಟಿನ ಕೀಲಿ ಚಂದ್ರಶೇಖರ ಸರ್ ಬಳಿ, ಅವರು ಇನ್ನೂ ಬಂದಿರಲಿಲ್ಲ. ಫೈಲನ್ನು ವಾಪಸು ಇಡಲು ಅವಳ ಕೈ ಮುಂದಾಗುವಷ್ಟರಲ್ಲಿ ಸರ್ ಬಂದು ಹಿಂದೆಯೇ ನಿಂತರು. ಅವರ ಹಿಂದೆ, ತಾಂಡೂರು ಬಸ್ಸಿನಿಂದ ಇಳಿದು ಬೆವರುತ್ತಾ, ಧನರಾಜ.

ಅವನು ಕೆಂಪಕ್ಷರ ಓದಿದ. ತನ್ನ ಫೋಲ್ಡರ್ ನೋಡಿದ. ಆಮೇಲೆ ಪಕ್ಕದ 'ಗಂಗಾ' ಎಂಬ ಫೋಲ್ಡರ್ ತೆರೆದ. ಕಳೆದುಹೋದದ್ದು ಅಲ್ಲಿತ್ತು.

ಶಿವಗಂಗಾ ಒಂದು ಹೆಜ್ಜೆ ಹಿಂದೆ ಸರಿದಳು. ಈಗ ಹೇಳುತ್ತಾನೆ... ಈಗ ಬೆರಳು ತೋರಿಸುತ್ತಾನೆ.

ಅವನು ಸದ್ದಿಲ್ಲದೆ ಅದನ್ನು ಇದ್ದ ಜಾಗಕ್ಕೆ ಇಟ್ಟ. ಪಟ್ಟಿ ಬಂತು.

"ಏನಾಗಿತ್ತು?" ಸರ್ ಕೇಳಿದರು.

"ನನ್ನ ತಪ್ಪು ಸರ್. ಒಂದು ಫೈಲ್ ಜಾಗಾ ಬದಲಾಗಿತ್ತು. ನಾನೇ ನೋಡ್ಕೋಬೇಕಿತ್ತು."

"ಎಂಬತ್ತು ಮಂದಿನ್ನ ಕೂಡಿಸಿ ತಪ್ಪು ಅಂತೀಯಲ್ಲಪ್ಪಾ," ಎಂದು ಸರ್ ಎಲ್ಲರೆದುರೇ ಗದರಿಸಿದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಅವಳ ಕಡೆ ನೋಡಲಿಲ್ಲ.

ತಪ್ಪು ತನ್ನದೆಂದು ಯಾಕೆ ಹೇಳಿದ? ಅವಳನ್ನು ಉಳಿಸಲೆಂದೋ, ಆ ಫೈಲಿನ ಮಾತು ಬಾರದಿರಲೆಂದೋ? ಇಷ್ಟು ಸಲೀಸಾಗಿ ಬೈಗುಳ ನುಂಗುವವನು ಎಂಥದನ್ನು ಮುಚ್ಚಿಡುತ್ತಿರಬೇಕು... ಅವಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು.

*

ಅಂದು ಸಂಜೆ ಅವಳು ತನಗೆ ಜಾವಾ ಕಲಿಸಿದ ನರ್ಮದಾ ಮೇಡಂ ಮನೆಗೆ ಹೋದಳು. ಮೇಡಂ ಪಡಸಾಲೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ಎಲ್ಲ ಕೇಳಿ ಕನ್ನಡಕದ ಮೇಲಿಂದ ನೋಡಿದರು.

"ಇಂಟರ್‌ಫೇಸ್ ತನಕ ಬಂದು ಓಡಿಹೋದಾಕಿ ನೀನು. ಮುಂದಿನ ಪಾಠ ಇದೇ ಇತ್ತು. ಕೂಡು, ಸೊಪ್ಪು ಸೋಸು."

ಶಿವಗಂಗಾ ಒಂದು ಕಟ್ಟು ಬಿಚ್ಚಿದಳು.

"ಮಠದಾಗ ಪ್ರಸಾದಕ್ಕ ಪಂಕ್ತಿ ಕೂತದ ಅನ್ಕೋ. 'ಬಡಿಸವ್ರು ಬರ್ರಿ' ಅಂತಾರ. ಬಡಿಸೂದು ಅಂದ್ರ ಏನು, ಎಲ್ಲಾರಿಗೂ ಗೊತ್ತದ. ಅದು ಇಂಟರ್‌ಫೇಸ್. ಕೆಲಸಕ್ಕ ಹೆಸರದ, ಮಾಡವ್ರು ಇನ್ನೂ ಇಲ್ಲ. ಆವಾಗ ಅಲ್ಲೇ ಕೂತಾಂವ ಒಬ್ಬ ಎದ್ದು, ಟವಲ್ ನಡಕ್ಕ ಸುತ್ತಿ ಬಕೀಟ ಹಿಡೀತಾನ. ಅಂವನ ಹೆಸರು ಯಾರರ ಕೇಳ್ತಾರೇನ?"

"ಇಲ್ರಿ."

"ಪಂಕ್ತಿ ಎದ್ದ ಮ್ಯಾಲ ಅಂವ ಎಲ್ಲಿ? ಮಂದ್ಯಾಗ ಮಂದಿ. ಹೆಸರಿಲ್ಲದ ಕ್ಲಾಸ್ ಅಂದ್ರ ಅಷ್ಟೇ. ಬೇಕಾದ ಜಾಗಾದಾಗೇ ಹುಟ್ಟತದ, ಆ ಒಂದು ಕೆಲಸ ಮಾಡ್ತದ. ಬ್ಯಾರೆ ಕಡೆಯಿಂದ ಅದನ್ನ ಕರೀಲಾಕ ಬರೂದಿಲ್ಲ, ಕರೀಲಾಕ ಹೆಸರೇ ಇಲ್ಲಲ್ಲ. ಸುತ್ತ ಏನ್ ನಡದದ ಅದಕ್ಕ ಕಾಣ್ತದ. ಪಂಕ್ತ್ಯಾಗ ಎಷ್ಟು ಮಂದಿ ಕೂತಾರ ನೋಡಬಹುದು, ಬದಲ್ ಮಾಡೋ ಹಂಗಿಲ್ಲ."

"ಮತ್ತ ಆ ಡಾಲರ್ ಗುರುತು?"

"ನಾವು ಹೆಸರಿಡದಿದ್ರೂ ಮಷೀನಿಗೊಂದು ಗುರುತು ಬೇಕಲ್ಲ. ಯಾರ ಮನ್ಯಾಗ ಹುಟ್ಟೇದೋ ಆ ಮನಿ ಹೆಸರು ಬರದು, ಡಾಲರ್ ಹಾಕಿ, ಒಂದು ಅಂತ ನಂಬರ್ ಕೊಡ್ತದ. ರೊಕ್ಕಕ್ಕೂ ಅದಕ್ಕೂ ಸಂಬಂಧ ಇಲ್ಲ."

"ಅಂದ್ರ ಅದರಾಗ ಮೋಸ ಇಲ್ಲಂತೀರಿ?"

ಮೇಡಂ ಒಂದು ಹಳದಿ ಎಲೆ ಕಿತ್ತು ಎಸೆದರು. "ನಾ ಹಂಗ ಅಂದಿಲ್ಲ. ಹೆಸರಿಲ್ಲ ಅಂದ ಕೂಡ್ಲೆ ಕಳ್ಳ ಆಗೂದಿಲ್ಲ. ಕಳ್ಳ ಅಲ್ಲ ಅಂತಲೂ ಆಗೂದಿಲ್ಲ. ಬಡಿಸಾಂವ ತಮ್ಮ ಬೀಗರ ಎಲಿಗೆ ಎರಡು ಹೋಳಿಗಿ ಜಾಸ್ತಿ ಹಾಕಬಹುದಲ್ಲ. ಒಳಗ ಏನ್ ಬರದಾನ, ಮೂಲ ತೋರ್ಸು ಅನ್ನು. ಅಂವ ತೋರಸಲಿಲ್ಲ ಅಂದ್ರ ಸಹಿ ಮಾಡಬ್ಯಾಡ."

*

ಶುಕ್ರವಾರ. ಹನ್ನೊಂದಕ್ಕೆ ಸರ್ ರಿಜಿಸ್ಟರ್ ನೋಡುವವರಿದ್ದರು. ಹತ್ತಕ್ಕೆ ಧನರಾಜ ಚಪ್ಪಲಿ ಬಿಟ್ಟು ಒಳಗೆ ಬಂದ. ಶಿವಗಂಗಾ ಸಹಿಯ ಪುಟ ತೆರೆದು ಅವನ ಮುಂದಿಟ್ಟಳು.

"ಮೂಲ ತೋರಿಸ್ರಿ. ಆ ಹೆಸರಿಲ್ಲದ್ದರ ಮೂಲ."

"ಮೇಡಂ..."

"ಸಾಯಮ್ಮ ನಿಮಗೇನಾಗಬೇಕು?"

ಅವನು ಅರ್ಥವಾಗದೆ ನೋಡಿದ. "ಏನೂ ಇಲ್ರಿ. ಆ ದಿನ ಬಸ್ಸಿನ್ಯಾಗ ಬಾಜೂ ಕೂತಿದ್ರು. ಎರಡು ತಾಸು ಬಾಜೂ ಕೂತ್ರ ಆಯಿ ಆಗ್ತಾರ್ರಿ."

"ಹಂಗಿದ್ರ ನಿಮ್ಮ ತಾಂಡೂರು ಕಡೆಯವರೇ ಯಾಕ ಎಲ್ಲಾರಕ್ಕಿಂತ ಮುಂದ? ಮೂರು ದಿನದ ಪಟ್ಟಿ ನೋಡೀನಿ ನಾನು. ಹೇಳ್ರಿ."

ಅವನ ಮುಖದಲ್ಲಿ ಮೊದಲು ಬೆರಗು, ಆಮೇಲೆ ನೋವು ಹಾದುಹೋಯಿತು. "ನೀವು... ಹಂಗ ತಿಳದ್ರೇನ್ರಿ?"

"ಹೆಂಗ ತಿಳೀಲಿ? ನೀವು ಏನೂ ಹೇಳಿಲ್ಲ."

ಅವನು ಲ್ಯಾಪ್‌ಟಾಪ್ ತೆರೆದು ಅವಳ ಕಡೆ ತಿರುಗಿಸಿದ. "ನೀವು ಇದನ್ನ ನೋಡಬಾರದು ಅಂತಿತ್ತು. ನೋಡ್ರಿ."

ಸರದಿ ಎಂಬ ಕ್ಲಾಸಿನ ನಡುವೆ, ರೋಗಿಗಳನ್ನು ಸಾಲಿಗೆ ನಿಲ್ಲಿಸುವ ಜಾಗದಲ್ಲೇ, ಹೆಸರಿಲ್ಲದ ಒಂದು ಪುಟ್ಟ ಕ್ಲಾಸ್ ಹುಟ್ಟಿತ್ತು. ಹತ್ತು ಸಾಲು ಅಷ್ಟೇ. ಇಬ್ಬರು ರೋಗಿಗಳನ್ನು ತೆಗೆದುಕೊಳ್ಳುತ್ತದೆ. ಯಾರ ಊರಿಗೆ ಕಡೇ ಬಸ್ ಬೇಗ ಹೋಗುತ್ತದೋ ಅವರು ಮುಂದೆ. ಬಸ್ ಒಂದೇ ಹೊತ್ತಿನದಾದರೆ ನಂಬರಿನ ಪ್ರಕಾರ. ಜಹೀರಾಬಾದಿನವರು ಕೊನೆಗೆ.

ಅದರ ತಲೆಯ ಮೇಲೆ, ಮಷೀನು ಓದದ, ಬರೆದವರು ಮಾತ್ರ ಓದುವ ಟಿಪ್ಪಣಿ ಕನ್ನಡದಲ್ಲಿತ್ತು:

'ಕೌಂಟರಿನ ಮೇಡಂ ಚೀಟಿ ಸರಿಸುವ ಹಾಗೆಯೇ. ಅವರ ಹೆಸರು ಎಲ್ಲಿಯೂ ಬರಬಾರದು.'

ಶಿವಗಂಗಾ ಎರಡು ಸಲ ಓದಿದಳು. ಮೂರನೆಯ ಸಲ ಅಕ್ಷರ ಕಾಣಲಿಲ್ಲ, ಕಣ್ಣು ತುಂಬಿತ್ತು.

"ಮೊದಲನೇ ದಿನ ಬೆಂಚಿನ ಮ್ಯಾಲ ಕೂತು ಬರಕೊಂಡದ್ದು ಇದೇರಿ," ಎಂದ ಅವನು, ನೆಲ ನೋಡುತ್ತ. "ನಾರಾಯಣಖೇಡ ಬಂದ್ರ ನಿಮ್ಮ ಹೆಬ್ಬಟ್ಟು ಹಿಂಗ ಸರಸತಿತ್ತು. ಝರಾಸಂಗಂ ಬಂದ್ರ ಹಿಂಗ. ಆದ್ರ ತಾಂಡೂರಿನವರನ್ನ ನೀವು ಸರಸಲಿಲ್ಲ."

"ತಾಂಡೂರಿಗೆ ಐದರ ತನಕ ಬಸ್ ಅದ ಅಲ್ಲೇನ್ರಿ?"

"ಐದರದ್ದು ನಿಂತು ಎರಡು ತಿಂಗಳಾತು. ಈಗ ಎರಡೂವರೆದ್ದೇ ಕಡೀದು. ನಾನೂ ಅದರಾಗೇ ಹೋಗ್ತೀನಿ."

ಎರಡು ಗಂಟೆಗೆ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದ ಚಹಾ. ಮೂವತ್ತೊಂದರಿಂದ ನಾಲ್ಕಕ್ಕೆ ಬಂದ ಸಾಯಮ್ಮ. ಒಂದೊಂದೂ ತನ್ನ ಜಾಗಕ್ಕೆ ಹೋಗಿ ಕೂತಿತು. ತಾನೇ ಮೂರು ವರ್ಷ ಮಾಡಿದ್ದನ್ನು ಇನ್ನೊಬ್ಬನಲ್ಲಿ ಕಂಡು ಕಳ್ಳತನವೆಂದಳಲ್ಲ...

"ನನಗರ ಹೇಳಬಹುದಿತ್ತು," ಎಂದಳು.

"ಹೇಳಿದ್ರ ನಿಮಗ ಗೊತ್ತಿದ್ದಂಗ ಆಗ್ತಿತ್ತು. ಆಮ್ಯಾಲ ಸಹಿ ಮಾಡೂದು ನಿಮಗೇ ತ್ರಾಸು. ಈ ಕ್ಲಾಸಿಗೆ ಹೆಸರು ಕೊಟ್ಟು ಬ್ಯಾರೆ ಫೈಲಿನ್ಯಾಗ ಬರದಿದ್ರ, ಇದು ಯಾರು ಹೇಳಿದ್ದು ಅಂತ ಸರ್ ಕೇಳ್ತಾರ. ನಂಗ ಸುಳ್ಳು ಹೇಳಾಕ ಬರೂದಿಲ್ಲ. ನಿಮ್ಮ ಹೆಸರು ಬಾಯಿಗೆ ಬಂದುಬಿಡ್ತದ." ತಡೆದು ಅಂದ, "ಹಂಗೂ ದಿನಾ ಬಾಯಿ ತನಕ ಬರ್ತದ."

ಹೊರಗೆ ಯಾರೋ ಕೆಮ್ಮಿದರು. ಇಬ್ಬರೂ ರಿಜಿಸ್ಟರಿನ ಕಡೆ ನೋಡಿದರು.

"ಸಹಿ ಮಾಡಿಬಿಡ್ರಿ," ಎಂದ ಅವನು. "ಯಾರಿಗೂ ಗೊತ್ತಾಗೂದಿಲ್ಲ."

ಶಿವಗಂಗಾ ಪೆನ್ನು ತೆಗೆದುಕೊಂಡಳು. ನಾಳೆ ಬೆಳಿಗ್ಗೆ ಇದೇ ಅಂಗೈಯಲ್ಲಿ ಲಿಂಗ ಹಿಡಿಯಬೇಕು ಎಂಬುದು ನೆನಪಾಯಿತು. ಮೂರು ವರ್ಷ ಹಿಡಿದೇ ಇದ್ದಳು ನಿಜ. ಆದರೆ ಆಗ ಮುಚ್ಚಿಟ್ಟದ್ದರ ಭಾರ ತಾನೊಬ್ಬಳೇ ಹೊರುತ್ತಿದ್ದಳು. ಈಗ ಅದನ್ನು ಇನ್ನೊಬ್ಬರ ಹೆಗಲಿಗೆ ಹಾಕುವುದು ಹೇಗೆ?

ಅವಳು ಬರೆದಳು: 'ಸರದಿ ಗೋಡೆಯ ಮೇಲಿನ ನಿಯಮದಂತೆ ನಡೆಯುತ್ತಿಲ್ಲ. ಕಡೇ ಬಸ್ ಬೇಗ ಇರುವವರು ಮೊದಲು ಹೋಗುತ್ತಾರೆ. ಈ ಪದ್ಧತಿ ನನ್ನದು. ಮೂರು ವರ್ಷದಿಂದ ಚೀಟಿಯಲ್ಲಿ ನಾನೇ ಹೀಗೆ ಮಾಡಿದ್ದೇನೆ. ಮಂಗಳವಾರ ಫೈಲು ತೆಗೆದವಳೂ ನಾನೇ. ಧನರಾಜ ಅವರ ತಪ್ಪಿಲ್ಲ.' ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು.

ಅವನು ಬೇಡವೆನ್ನಲು ಕೈ ಚಾಚಿದ. ಅಷ್ಟರಲ್ಲಿ ಅವಳು ಎದ್ದಿದ್ದಳು.

*

ಚಂದ್ರಶೇಖರ ಸರ್ ಅದನ್ನು ನಿಂತೇ ಓದಿದರು, ಆಮೇಲೆ ಕೂತು ಇನ್ನೊಮ್ಮೆ ಓದಿದರು.

"ಮೂರು ವರ್ಷ?"

"ಹೌದ್ರಿ ಸರ್."

"ನನಗ ಯಾರೂ ಫಿರ್ಯಾದಿ ಹೇಳಿಲ್ಲಲ್ಲ."

ಅವರು ರಿಜಿಸ್ಟರ್ ಹಿಡಿದುಕೊಂಡೇ ಹಾಲಿಗೆ ಬಂದರು. ಬೆಂಚಿನಲ್ಲಿ ಊರಿನವರೇ ಹೆಚ್ಚಿದ್ದರು. "ಕೇಳ್ರಿ. ನೀವು ಮೊದಲು ಬಂದ್ರೂ ನಿಮ್ಮನ್ನ ಹಿಂದ ಹಾಕಿ, ದೂರದವರನ್ನ ಮುಂದ ಬಿಡ್ತಾರಂತ. ಗೊತ್ತದೇನು ನಿಮಗ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲ ಬೆಂಚಿನ ಅಮೃತಬಾ‌ಯಿ, ಹಿಂದಿನ ಓಣಿಯಾಕೆ, ಸೆರಗು ಸರಿಮಾಡಿಕೊಂಡಳು.

"ಗೊತ್ತದಲ್ರಿ. ಗಂಗವ್ವ ಮೊದಲಿಂದ ಹಂಗೇ ಮಾಡ್ತಾಳ. ನಮಗೇನ್ರಿ, ನಡಕೋತ ಮನಿಗೆ ಹೋಗ್ತೀವಿ. ಇಲ್ಲಿ ಫ್ಯಾನಿನ ಗಾಳಿ ಚಲೋ ಬರ್ತದ." ಆಮೇಲೆ ಅನುಮಾನದಿಂದ ಕೇಳಿದಳು, "ನಿಮಗ ಗೊತ್ತಿದ್ದಿಲ್ಲೇನ್ರಿ ಸಾಹೇಬರ?"

ಹಾಲಿನಲ್ಲಿ ನಗು ಹಬ್ಬಿತು. ಲಕ್ಷ್ಮಿಬಾಯಿ ಬಕೀಟಿನ ಹಿಂದೆ ಮುಖ ಮರೆಸಿಕೊಂಡಳು.

ಸರ್ ನಗಲಿಲ್ಲ. ಕೋಣೆಗೆ ಬಂದು ಪೆನ್ನಿನ ಮುಚ್ಚಳ ತೆಗೆದರು. "ಹೇಳದೆ ಮಾಡಿದ್ದು ತಪ್ಪು. ಅದಕ್ಕ ಒಂದು ಮೆಮೊ ಕೊಡ್ತೀನಿ, ತಗೋಬೇಕು." ಆಮೇಲೆ ಧನರಾಜನ ಕಡೆ ತಿರುಗಿದರು. "ನೀನು, ಆ ಹೆಸರಿಲ್ಲದ್ದಕ್ಕ ಒಂದು ಹೆಸರಿಟ್ಟು, ಬ್ಯಾರೆ ಬರಿ. ಏನ್ ನಿಯಮ ಅಂತ ಓದಿದ ಯಾರಿಗೂ ತಿಳೀಬೇಕು. ನಾ ಟ್ರಸ್ಟಿನವರ ಮುಂದ ಇಡ್ತೀನಿ. ಗೋಡಿಗೂ ಬಣ್ಣ ಹಚ್ಚಬೇಕಾಗ್ತದ."

"ಏನ್ ಹೆಸರಿಡ್ಲಿ ಸರ್?"

"ಕಡೇಬಸ್ ಅಂತಿಡು. ಇನ್ನೇನಿಡ್ತಿ?"

ಧನರಾಜ ಅಲ್ಲೇ ಕೂತು ಬರೆದ. ಹತ್ತು ಸಾಲು ಇದ್ದ ಜಾಗದಿಂದ ಎದ್ದು, ಸ್ವಂತ ಫೈಲಿಗೆ ಹೋಗಿ, ಹೆಸರು ಹೊತ್ತು ನಿಂತವು. ಮೇಲಿದ್ದ ಟಿಪ್ಪಣಿಯನ್ನು ಅವನು ಅಳಿಸಿದ್ದನ್ನು ಶಿವಗಂಗಾ ನೋಡಿದಳು. ಅಳಿಸುವ ಮುನ್ನ ಅವನ ಬೆರಳು ತುಸು ಹೊತ್ತು ತಡೆದದ್ದನ್ನೂ ನೋಡಿದಳು.

*

ಎರಡು ಗಂಟೆಗೆ ಅವನು ಹೊರಟ. ಕೆಲಸ ಮುಗಿದಿತ್ತು. ಇನ್ನು ಮಂಗಳವಾರ ಬರಲು ಕಾರಣವಿರಲಿಲ್ಲ.

ಶಿವಗಂಗಾ ಕೌಂಟರಿಗೆ ಲಕ್ಷ್ಮಿಬಾಯಿಯನ್ನು ಕೂಡಿಸಿ ಬಸ್ ಸ್ಟ್ಯಾಂಡಿಗೆ ನಡೆದಳು. ಬಿಸಿಲು ನೆತ್ತಿ ಸುಡುತ್ತಿತ್ತು. ತಾಂಡೂರು ಬಸ್ ಸದ್ದು ಮಾಡುತ್ತ ನಿಂತಿತ್ತು. ಕಿಟಕಿಯ ಪಕ್ಕ ಅವನು ಕೂತಿದ್ದ. ಅವಳನ್ನು ಕಂಡು ಇಳಿಯಲು ಎದ್ದ.

"ಇಳೀಬ್ಯಾಡ್ರಿ. ಜಾಗಾ ಹೋಗತದ." ಅವಳು ಕಿಟಕಿಯ ಕೆಳಗೆ ನಿಂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋದವೋ... "ನಾ ನಿಮ್ಮ ಮ್ಯಾಲ ಗುಮಾನಿ ಪಟ್ಟೆ. ಒಂದು ತಿಂಗಳು ಪೂರಾ. ತಪ್ಪಾತು."

"ಪಟ್ಟದ್ದು ಚಲೋನೇ ಆತ್ರಿ."

"ಹೆಂಗ?"

"ಗುಮಾನಿ ಪಡಾಕಾದ್ರೂ ಮನಷ್ಯಾನ್ನ ದಿನಾ ನೋಡಬೇಕಲ್ಲ. ನೀವು ನನ್ನ ನೋಡ್ತಿದ್ರಿ. ನಂಗ ಅಷ್ಟೇ ಗೊತ್ತಿತ್ತು."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಕಂಡಕ್ಟರ್ ಬಾಗಿಲು ಬಡಿದ. ಬಸ್ ಒಮ್ಮೆ ಅಲುಗಿತು.

"ಮಂಗಳವಾರ ಬರೂದಿಲ್ಲೇನು?" ಎಂದಳು.

"ಏನಂತ ಬರ್ಲಿ ಹೇಳ್ರಿ?"

ಶಿವಗಂಗಾ ತಲೆ ತಗ್ಗಿಸಿದಳು. ಆಮೇಲೆ ಎತ್ತಿದಳು. ಇಷ್ಟು ದಿನ ಓರೆಗಣ್ಣಿನಲ್ಲಿ ನೋಡಿದ ಮುಖವನ್ನು ಮೊದಲ ಸಲ ನೇರವಾಗಿ ನೋಡಿದಳು.

"ಮಂಗಳವಾರ ಬ್ಯಾಡ. ಆದಿತ್ಯವಾರ ಬರ್ರಿ. ನಮ್ಮಪ್ಪ ಮನ್ಯಾಗ ಇರ್ತಾರ."

ಅವನ ಕೈ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿಯಿತು. "ನಾ ಒಬ್ಬಾಂವೇ ಬರ್ಲೇನ್ರಿ?"

ಬಸ್ ಹೊರಟಿತು. ಅವಳು ಅದರ ಜೊತೆಗೇ ನಾಲ್ಕು ಹೆಜ್ಜೆ ನಡೆದಳು.

"ನಿಮ್ಮ ಅವ್ವನ್ನ ಕರ್ಕೊಂಡು ಬರ್ರಿ. ಒಬ್ರೇ ಬಂದ್ರ ನಮ್ಮಪ್ಪ, ಕಂಪ್ಯೂಟರ್ ರಿಪೇರಿಗೆ ಬಂದೀರಿ ಅನ್ಕೋತಾರ."